ಕಳ್ಳಿ ಯಾರು, ಮನೆಯೊಡತಿ ಯಾರು?

ನಿಮ್ಮ ಹಿತ್ತಲಿನಲ್ಲಿ ಒಣಗಿದ ಮರದ ದಿಮ್ಮಿಯೊಂದು ಬಿದ್ದಿದೆಯೇ? ಇದ್ದರೆ ಬಿಸಿಲೇರಿದ ಮೇಲೆ ಅದರ ಮುಂದೆ ಅರ್ಧ ಗಂಟೆ ಕುಳಿತು ನೋಡಿ. ಸೌದೆಗೆಂದು ಎತ್ತಿಟ್ಟ ಆ ಸತ್ತ ಮರದಲ್ಲಿ ಒಂದು ಊರೇ ವಾಸವಾಗಿರುವುದು ನಿಮಗೆ ಕಾಣುತ್ತದೆ. ಆ ಊರಿನ ಬಾಗಿಲಲ್ಲಿ ನಾನು ಮಾಡಿದ ಒಂದು ತಪ್ಪನ್ನೂ, ಆ ತಪ್ಪಿನಿಂದ ಹುಟ್ಟಿದ ಒಂದು ಪ್ರಶ್ನೆಯನ್ನೂ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬೇಸಿಗೆ ರಜೆಗೆ ನನ್ನ ಮಗಳ ಮಗಳು ಬಂದಿದ್ದಳು. ಒಂಬತ್ತು ವರ್ಷದ ಹುಡುಗಿ. ಹಿತ್ತಲಿನಲ್ಲಿ ಬಿದ್ದಿದ್ದ ಮಾವಿನ ದಿಮ್ಮಿಯ ಮುಂದೆ ಕುಳಿತು, "ತಾತ, ಬೇಗ ಬನ್ನಿ, ಇಲ್ಲೊಂದು ಒಡವೆ ಹಾರಾಡ್ತಾ ಇದೆ" ಎಂದು ಕೂಗಿದಳು. ಹೋಗಿ ನೋಡಿದರೆ ನಿಜಕ್ಕೂ ಒಡವೆಯೇ. ಮೈಯೆಲ್ಲ ಹಸಿರು, ಬಿಸಿಲಿಗೆ ತಿರುಗಿದಾಗ ನೀಲಿ. ಒಂದು ಸಣ್ಣ ತೂತಿನ ಬಾಯಲ್ಲಿ ಮೀಸೆ ಆಡಿಸುತ್ತ ಕುಳಿತಿತ್ತು. ಅಷ್ಟರಲ್ಲಿ ಕಪ್ಪು ಮೈಯ, ಸಣ್ಣ ಸೊಂಟದ ಕಡಜವೊಂದು ಗುಂಯ್‌ಗುಡುತ್ತ ಬಂದು ಅದೇ ತೂತಿನತ್ತ ಇಳಿಯಿತು. ಕಾಲುಗಳ ನಡುವೆ ಏನನ್ನೋ ಹಿಡಿದುಕೊಂಡಿತ್ತು. ಮಗುವನ್ನು ಕಚ್ಚೀತು ಎಂಬ ಭಯ ಒಂದು ಕಡೆ. ಆ ಚೆಂದದ ಹುಳುವಿನ ಮನೆಗೆ ಕಳ್ಳ ನುಗ್ಗುತ್ತಿದ್ದಾನೆ ಎಂಬ ಸಿಟ್ಟು ಇನ್ನೊಂದು ಕಡೆ. ಕೈಗೆ ಸಿಕ್ಕಿದ ಪೊರಕೆಯಿಂದ ಹೊಡೆದೆ. ಕಡಜ ಸತ್ತು ಬಿತ್ತು. ಅದರ ಪಕ್ಕದಲ್ಲಿ ಹಸಿರು ಬಣ್ಣದ ಸಣ್ಣ ಹುಳುವೊಂದು ಮೆಲ್ಲಗೆ ಮಿಸುಕುತ್ತಿತ್ತು.

ಸತ್ತ ಕಡಜವನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಸಂಜೆ ಪರಿಚಯದ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರ ಬಳಿಗೆ ಹೋದೆವು. ಅವರು ಭೂತಕನ್ನಡಿ ಹಿಡಿದು ನೋಡಿ, ನಾವು ಹೇಳಿದ್ದನ್ನೆಲ್ಲ ಕೇಳಿ, ಮೆಲ್ಲಗೆ ನಕ್ಕು, "ಸಾರ್, ನೀವು ಕೊಂದದ್ದು ಮನೆಯೊಡತಿಯನ್ನು. ಆ ಹಸಿರು ಸುಂದರಿಯೇ ಕಳ್ಳಿ" ಎಂದರು.

ಅವರು ವಿವರಿಸಿದ ಸಂಗತಿ ಇಷ್ಟು. ಒಣಮರದಲ್ಲಿ ಕಾಣುವ ತೂತುಗಳಲ್ಲಿ ಹೆಚ್ಚಿನವು ಮರ ಕೊರೆಯುವ ಹುಳುಗಳು ಬೆಳೆದು ಹೊರಬಂದ ದಾರಿಗಳು. ಹಾಗೆ ಖಾಲಿಯಾದ ತೂತುಗಳಲ್ಲಿ ಒಂಟಿಯಾಗಿ ಬಾಳುವ ಜೇನ್ನೊಣಗಳೂ ಕಡಜಗಳೂ ಸಂಸಾರ ಹೂಡುತ್ತವೆ. ಇವುಗಳಲ್ಲಿ ರಾಣಿಯೂ ಇಲ್ಲ, ಆಳುಗಳೂ ಇಲ್ಲ. ಒಬ್ಬಳೇ ತಾಯಿ, ಅವಳದೇ ದುಡಿಮೆ. ಎಲೆ ಕತ್ತರಿಸುವ ನೊಣ ಎಲೆಯ ಚೂರುಗಳಿಂದ ಕೋಣೆ ಕಟ್ಟಿ, ಪರಾಗ ಮತ್ತು ಮಕರಂದದ ಉಂಡೆ ಇಟ್ಟು, ಮೊಟ್ಟೆಯಿಟ್ಟು ಮುಚ್ಚುತ್ತದೆ. ನಾನು ಕೊಂದ ಕಡಜ ಮಣ್ಣಿನಿಂದ ಬಾಗಿಲು ಮುಚ್ಚುವ ಜಾತಿಯದು. ಅದು ಮೊದಲು ಮೊಟ್ಟೆಯನ್ನು ನೂಲಿನಂಥ ಎಳೆಯಲ್ಲಿ ಕೋಣೆಯ ಗೋಡೆಗೆ ತೂಗುಬಿಡುತ್ತದೆ. ಆಮೇಲೆ ಎಲೆ ತಿನ್ನುವ ಹುಳುಗಳನ್ನು ಚುಚ್ಚಿ, ಕೊಲ್ಲದೆ ಜಡಗೊಳಿಸಿ, ಮರಿಯ ಊಟಕ್ಕೆಂದು ತಂದು ತುಂಬುತ್ತದೆ. ಅಂದು ಅದರ ಕಾಲುಗಳ ನಡುವೆ ಇದ್ದದ್ದು ಆ ಬುತ್ತಿ.

ಹಸಿರು ಹುಳುವೂ ಒಂದು ಕಡಜವೇ. ಒಡತಿ ಬೇಟೆಗೆ ಹೋದ ಹೊತ್ತು ನೋಡಿ ಒಳಹೊಕ್ಕು ತನ್ನ ಮೊಟ್ಟೆ ಇಟ್ಟು ಬರುತ್ತದೆ. ಅದರ ಮರಿ ಮನೆಯವಳ ಮರಿಯನ್ನೇ ತಿಂದು ಬೆಳೆಯುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಕೋಗಿಲೆ ಕಡಜ ಎಂದು ಕರೆಯುತ್ತಾರೆ. ನಮ್ಮ ಕೋಗಿಲೆಯೂ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದಿಲ್ಲವೇ? ಆದರೂ ನಾವು ಕೋಗಿಲೆಯನ್ನು ಹಾಡಿ ಹೊಗಳುತ್ತೇವೆ, ಅದರ ಮರಿಯನ್ನು ಸಾಕಿದ ಕಾಗೆಗೆ ಕಲ್ಲೆಸೆಯುತ್ತೇವೆ. ಹಿತ್ತಲಿನಲ್ಲಿ ನಾನು ಮಾಡಿದ್ದೂ ಅದನ್ನೇ.

ಉಳಿದ ರಜೆಯೆಲ್ಲ ನಾವಿಬ್ಬರೂ ಆ ದಿಮ್ಮಿಯ ಮುಂದೆ ಕುಳಿತು ಗುರುತು ಹಿಡಿಯುವುದನ್ನು ಕಲಿತೆವು. ನೀವೂ ಕಲಿಯಬಹುದು. ಹೊಡೆಯುವ ಮೊದಲು, ಹೊಗಳುವ ಮೊದಲು, ನಾಲ್ಕು ಸಂಗತಿಗಳನ್ನು ನೋಡಿ: ಮೀಸೆ, ಸೊಂಟ, ಹಿಂಗಾಲು, ಬಾಲ.

ಮೀಸೆ ಗಿಡ್ಡವಾಗಿದ್ದು, ಮೈ ಲೋಹದಂತೆ ಹೊಳೆಯುತ್ತಿದ್ದು, ಮುಟ್ಟಿದರೆ ಉಂಡೆಯಾಗಿ ಮುದುಡಿಕೊಂಡರೆ ಅದು ಕೋಗಿಲೆ ಕಡಜ. ಮನೆಯೊಡತಿ ಬಂದು ಕಚ್ಚಿದರೂ ತಡೆದುಕೊಳ್ಳಲೆಂದು ಅದರ ಮೈ ಗುರಾಣಿಯಂತೆ ಗಟ್ಟಿಯಾಗಿದೆ. ಕುತ್ತಿಗೆ ಉದ್ದವಾಗಿ, ಹೊಟ್ಟೆ ಬೆನ್ನಿನ ಮೇಲ್ಭಾಗಕ್ಕೆ ಅಂಟಿಸಿದಂತೆ ಎತ್ತರದಲ್ಲಿ ಸೇರಿದ್ದು, ಹಿಂಗಾಲಿನ ಮೊಣಕಾಲಿನ ಕೆಳಭಾಗ ಊದಿಕೊಂಡಂತೆ ಇದ್ದು, ತೂತಿನ ಮುಂದೆ ಗಾಳಿಯಲ್ಲಿ ನಿಂತಂತೆ ತೂಗಾಡುವ ಬಡಕಲು ಹುಳು ಕಂಡರೆ ಅದು ಗ್ಯಾಸ್ಟೆರಪ್ಶನ್. ಇದು ಹೆಚ್ಚಾಗಿ ಒಂಟಿ ಜೇನ್ನೊಣಗಳ ಗೂಡನ್ನು ಹುಡುಕಿಕೊಂಡು ಬರುತ್ತದೆ. ಹಳದಿ ಕಪ್ಪು ಪಟ್ಟೆಯಿದ್ದು, ತೊಡೆ ದಪ್ಪವಾಗಿ, ಮೊಟ್ಟೆಯಿಡುವ ನಳಿಕೆಯನ್ನು ಬೆನ್ನಿನ ಮೇಲೆ ಮಡಚಿಟ್ಟುಕೊಂಡಿದ್ದರೆ ಅದು ಲ್ಯೂಕೋಸ್ಪಿಸ್. ಅದು ಬಾಗಿಲಿನಿಂದ ಹೋಗುವುದೇ ಇಲ್ಲ. ಗೋಡೆಯನ್ನೇ ಕೊರೆದು ಒಳಗೆ ಮೊಟ್ಟೆ ಇಳಿಸುತ್ತದೆ.

ಮೀಸೆ ಬಹಳ ಉದ್ದವಾಗಿದ್ದು ಒಂದೇ ಸಮನೆ ನಡುಗುತ್ತಿದ್ದರೆ, ಬಾಲದಲ್ಲಿ ಕೂದಲೆಳೆಯಂಥ ಉದ್ದ ನಳಿಕೆ ಇದ್ದರೆ, ಅದು ಇಕ್ನ್ಯೂಮನ್ ಕುಲದ್ದಿರಬಹುದು. ಈ ಒಂದೇ ಕುಲದಲ್ಲಿ ವಿಜ್ಞಾನಿಗಳು ಸುಮಾರು 25,000 ಪ್ರಭೇದಗಳನ್ನು ಹೆಸರಿಸಿದ್ದಾರೆ. ಯುರೋಪಿನ ಪೈನ್ ಕಾಡುಗಳಲ್ಲಿ ವಾಸಿಸುವ ರಿಸ್ಸಾ ಎಂಬ ಕಡಜ ಮರದ ಆಳದಲ್ಲಿರುವ ಮರಿಹುಳುವನ್ನು ಹೊರಗಿನಿಂದಲೇ ವಾಸನೆಯಿಂದ ಪತ್ತೆಹಚ್ಚಿ, ಕೆಲವು ಸೆಂಟಿಮೀಟರ್ ಮರವನ್ನು ಆ ಕೂದಲೆಳೆಯಿಂದಲೇ ಕೊರೆದು ಅದರ ಮೇಲೆ ಮೊಟ್ಟೆಯಿಡುತ್ತದೆ. ಮರ ಕೊರೆಯುವ ಇಂಥ ಕಡಜಗಳ ನಳಿಕೆಯ ತುದಿಯಲ್ಲಿ ಸತು, ಮ್ಯಾಂಗನೀಸ್‌ನಂಥ ಲೋಹಗಳು ಸೇರಿಕೊಂಡು ಅದನ್ನು ಗಟ್ಟಿಮಾಡಿರುತ್ತವೆ. ಬರಿಗಣ್ಣಿಗೆ ಹುಳುವಿನ ಕುಲ ತಿಳಿದೀತು. ಪ್ರಭೇದ ತಿಳಿಯಬೇಕಾದರೆ ಸೂಕ್ಷ್ಮದರ್ಶಕವೂ ಬಲ್ಲವರೂ ಬೇಕು.

ಹೀಗೆ ಒಂದೊಂದೇ ಗುರುತು ಸಿಕ್ಕಂತೆ ಮಗುವಿನ ಸಂತೋಷ ಹೆಚ್ಚಬೇಕಿತ್ತು. ಆದರೆ ಅವಳು ಸುಮ್ಮನಾಗತೊಡಗಿದಳು. ಒಂದು ಸಂಜೆ ಕೇಳಿದಳು: "ತಾತ, ಕಪ್ಪು ಕಡಜ ಹಸಿರು ಹುಳುವನ್ನು ಜೀವ ಇರುವಾಗಲೇ ಮರಿಗೆ ತಿನ್ನಿಸುತ್ತೆ. ಆ ಮರಿಯನ್ನು ಇನ್ನೊಬ್ಬಳ ಮರಿ ತಿನ್ನುತ್ತೆ. ಇವನ್ನೆಲ್ಲ ದೇವರೇ ಮಾಡಿದ್ದಾರಾ?"

ಓದುಗರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಈ ಪ್ರಶ್ನೆ ಹೊಸದಲ್ಲ. 1860ರ ಮೇ 22ರಂದು ಚಾರ್ಲ್ಸ್ ಡಾರ್ವಿನ್ ತಮ್ಮ ಸ್ನೇಹಿತರೂ ದೈವಭಕ್ತರೂ ಆದ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಒಂದು ಪತ್ರ ಬರೆದರು. ಜೀವಂತ ಹುಳುಗಳ ದೇಹವನ್ನು ಒಳಗಿನಿಂದ ತಿನ್ನಲೆಂದೇ ಇಕ್ನ್ಯೂಮನ್ ಕಡಜಗಳನ್ನು ದಯಾಮಯನೂ ಸರ್ವಶಕ್ತನೂ ಆದ ದೇವರು ಉದ್ದೇಶಪೂರ್ವಕವಾಗಿ ಸೃಷ್ಟಿಸಿದನೆಂದು ತಮ್ಮ ಮನಸ್ಸನ್ನು ಒಪ್ಪಿಸಲಾರೆ ಎಂದು ಅದರಲ್ಲಿ ಹೇಳಿಕೊಂಡರು. ಅದೇ ಪತ್ರದಲ್ಲಿ, ಈ ವಿಷಯ ಮನುಷ್ಯನ ಬುದ್ಧಿಗೆ ಮೀರಿದ್ದೆಂದೂ ಒಪ್ಪಿಕೊಂಡರು. ಅವರನ್ನು ಬರಿಯ ನಾಸ್ತಿಕರೆಂದು ತಳ್ಳಿಹಾಕುವವರು ಒಂದು ಮಾತು ನೆನಪಿಡಬೇಕು: 1851ರಲ್ಲಿ ಹತ್ತು ವರ್ಷದ ಮಗಳನ್ನು ಕಳೆದುಕೊಂಡ ತಂದೆ ಅವರು.

ಡಾರ್ವಿನ್‌ರಿಗಿಂತ ಮುಂಚೆ ಇಂಗ್ಲೆಂಡಿನಲ್ಲಿ ವಿಲಿಯಂ ಕರ್ಬಿ ಎಂಬ ಪಾದ್ರಿಯವರಿದ್ದರು, ದೊಡ್ಡ ಕೀಟಶಾಸ್ತ್ರಜ್ಞರು. ಪರಾವಲಂಬಿ ಮರಿ ತನ್ನ ಆಸರೆಯ ಹುಳುವಿನ ಮುಖ್ಯ ಅಂಗಗಳನ್ನು ಕೊನೆಯವರೆಗೂ ಮುಟ್ಟದೆ ಬಿಡುವ ಜಾಣ್ಮೆಯನ್ನು ಕಂಡು ಅವರು ಬೆರಗಾದರು. ನಮ್ಮ ನಾಡಿನ ಹಿರಿಯರು ಇದೇ ಸಂಗತಿಯನ್ನು ಬೇರೆ ರೀತಿ ಕಂಡರು. ಕಡಜ ಒಂದು ಹುಳುವನ್ನು ಮಣ್ಣಿನ ಗೂಡಿನೊಳಗೆ ಮುಚ್ಚುತ್ತದೆ. ಕೆಲವು ದಿನಗಳ ಮೇಲೆ ಅಲ್ಲಿಂದ ಕಡಜವೇ ಹೊರಬರುತ್ತದೆ. ಕಡಜವನ್ನೇ ಧ್ಯಾನಿಸುತ್ತ ಹುಳು ತಾನೇ ಕಡಜವಾಯಿತೆಂದು ಅವರು ಭಾವಿಸಿದರು. ಭಕ್ತನು ಭಗವಂತನನ್ನು ನೆನೆದು ಅವನಂತೆಯೇ ಆಗುತ್ತಾನೆ ಎನ್ನಲು ಅದನ್ನೇ ಹೋಲಿಕೆ ಮಾಡಿದರು. ಭ್ರಮರಕೀಟ ನ್ಯಾಯವೆಂದು ಅದಕ್ಕೆ ಹೆಸರು.

ನೋಡಿ, ಗೂಡು ಒಂದೇ. ಅದರಲ್ಲಿ ಒಬ್ಬರು ಕ್ರೌರ್ಯವನ್ನು ಕಂಡರು, ಒಬ್ಬರು ಜಾಣ್ಮೆಯನ್ನು ಕಂಡರು, ಇನ್ನೊಬ್ಬರು ಭಕ್ತಿಯನ್ನು ಕಂಡರು. ಭಕ್ತಿಯ ಆ ಹೋಲಿಕೆ ಹೇಳುವ ಆಧ್ಯಾತ್ಮ ಸುಳ್ಳಲ್ಲ. ಆದರೆ ಒಳಗಿದ್ದ ಹುಳು ಕಡಜವಾಗಲಿಲ್ಲ, ಕಡಜದ ಮರಿಗೆ ಊಟವಾಯಿತು. ಉಪದೇಶಕ್ಕೆ ಅವಸರ ಮಾಡಿದರೆ ಕಣ್ಣು ತಪ್ಪು ನೋಡುತ್ತದೆ. ನಾನೂ ಅವಸರದಲ್ಲೇ ಪೊರಕೆ ಎತ್ತಿದ್ದು.

ನಮ್ಮಲ್ಲಿ ಕೆಲವರು ಮಗುವಿನ ಪ್ರಶ್ನೆಗೆ, ಆದಾಮನ ಪಾಪದಿಂದ ಪ್ರಾಣಿಗಳೂ ಕ್ರೂರವಾದವು ಎಂದು ಉತ್ತರಿಸಬಹುದು. ಸಂತ ಥಾಮಸ್ ಅಕ್ವಿನಾಸ್‌ರವರು 13ನೇ ಶತಮಾನದಲ್ಲೇ ಈ ಮಾತನ್ನು ಒಪ್ಪಲಿಲ್ಲ. ಮನುಷ್ಯನ ಪಾಪದಿಂದ ಪ್ರಾಣಿಗಳ ಸ್ವಭಾವ ಬದಲಾಗಲಿಲ್ಲ, ಇಂದು ಮಾಂಸ ತಿನ್ನುವ ಪ್ರಾಣಿಗಳು ಅಂದು ಹುಲ್ಲು ತಿನ್ನುತ್ತಿದ್ದವು ಎನ್ನುವುದು ಸರಿಯಲ್ಲ ಎಂದು ಅವರು ಬರೆದರು. ಪಳೆಯುಳಿಕೆಗಳೂ ಅದನ್ನೇ ಹೇಳುತ್ತವೆ: ಪರಾವಲಂಬಿ ಕಡಜಗಳು ಡೈನೊಸಾರ್‌ಗಳ ಕಾಲದಲ್ಲೇ ಇದ್ದವು, ಆಗ ಮನುಷ್ಯನ ಸುಳಿವೇ ಇರಲಿಲ್ಲ.

ಇನ್ನು ಕೆಲವರು, ಇವುಗಳಿಂದ ನಮಗೆ ಉಪಕಾರವಿದೆ ಎನ್ನಬಹುದು. ಅದು ನಿಜವೇ. ಹೊರದೇಶದಿಂದ ಬಂದ ಪಪ್ಪಾಯಿ ಹಿಟ್ಟುತಿಗಣೆ 2008ರ ನಂತರ ತಮಿಳುನಾಡು, ಕರ್ನಾಟಕಗಳ ಪಪ್ಪಾಯಿ ಮತ್ತು ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡಿತು. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ, ಬೆಂಗಳೂರಿನ ಕೇಂದ್ರ ಸರ್ಕಾರದ ಕೃಷಿ ಕೀಟ ಸಂಸ್ಥೆಯಲ್ಲಿ ಬೆಳೆಸಿ ಬಿಟ್ಟ ಅಸೆರೋಫೇಗಸ್ ಎಂಬ ಪುಟಾಣಿ ಪರಾವಲಂಬಿ ಕಡಜ ಆ ಪಿಡುಗನ್ನು ಹತೋಟಿಗೆ ತಂದಿತು. ಎಷ್ಟೋ ರೈತರ ಮನೆಯ ಒಲೆ ಅದರಿಂದ ಉರಿಯಿತು. ಆದರೆ ಮಗು ಕೇಳಿದ್ದು ನಮ್ಮ ಲಾಭದ ಮಾತನ್ನಲ್ಲ, ತಿನ್ನಿಸಿಕೊಳ್ಳುವ ಹುಳುವಿನ ಮಾತನ್ನು.

ಯೋಬನ ಗ್ರಂಥವನ್ನು ತೆರೆದು ನೋಡಿ. ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನು ದೇವರನ್ನು ಪ್ರಶ್ನಿಸಿದಾಗ ದೇವರು ಕಾರಣ ವಿವರಿಸುವುದಿಲ್ಲ. ಸಿಂಹಕ್ಕೆ ಬೇಟೆ ಒದಗಿಸುವವರು ಯಾರು, ಕಾಗೆಯ ಮರಿಗಳಿಗೆ ಉಣಿಸುವವರು ಯಾರು ಎಂದು ಕೇಳುತ್ತಾ ಕಾಡುಪ್ರಾಣಿಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಕೊನೆಗೆ ರಕ್ತ ಹೀರುವ ಹದ್ದಿನ ಮರಿಗಳನ್ನೂ ತೋರಿಸುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಸೃಷ್ಟಿ ಇನ್ನೂ ಪರಿಪೂರ್ಣತೆಯತ್ತ ಪಯಣಿಸುತ್ತಿದೆ, ಆ ಪಯಣ ಮುಗಿಯುವವರೆಗೆ ಒಂದರ ಹುಟ್ಟಿನೊಡನೆ ಇನ್ನೊಂದರ ಅಳಿವೂ ಇರುತ್ತದೆ ಎಂಬುದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ ಬೋಧನೆ. ಇದು ನೋವನ್ನು ಅಳಿಸುವ ಉತ್ತರವಲ್ಲ. ನೋವನ್ನು ಕಂಡೂ ನಂಬಿಕೆ ಬಿಡದೆ ನಿಲ್ಲಲು ಒಂದು ಜಾಗ, ಅಷ್ಟೆ.

ನಾನು ಮಗುವಿಗೆ ಹೇಳಿದ್ದು ಇಷ್ಟು: "ಹೌದು ಕಂದ, ಅವನ್ನೂ ದೇವರೇ ಮಾಡಿದ್ದಾರೆ. ಏಕೆ ಹೀಗೆ ಮಾಡಿದರೋ ತಾತನಿಗೆ ಪೂರ್ತಿ ಗೊತ್ತಿಲ್ಲ. ಆದರೆ ಆ ಹಸಿರು ಕಡಜ ಪಾಪ ಮಾಡುತ್ತಿಲ್ಲ. ಅದಕ್ಕೆ ಬೇರೆ ದಾರಿ ಗೊತ್ತಿಲ್ಲ. ಕಳ್ಳಿ ಅನ್ನೋ ಮಾತು ನಮ್ಮದು, ಅದರದ್ದಲ್ಲ."

ಹೀಗೆ ಹೇಳಿದ ಮೇಲೆ ನನಗೇ ಒಂದು ನೆನಪು ಚುಚ್ಚಿತು. ಹುಳುವಿಗೆ ಹೇಳಬಾರದೆಂದ ಆ ಮಾತನ್ನು ನಾವು ಮನುಷ್ಯರಿಗೆ ಎಷ್ಟು ಸಲೀಸಾಗಿ ಹೇಳುತ್ತೇವೆ! ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಒಬ್ಬ ಚಿಕ್ಕಪ್ಪ ಇದ್ದರು. ಸಂಪಾದನೆ ಇರಲಿಲ್ಲ, ಮದುವೆಯಾಗಿರಲಿಲ್ಲ. ಹಗಲೆಲ್ಲ ಜಗಲಿಯ ಮೇಲೆ ಮಲಗಿರುತ್ತಿದ್ದರು. "ಕೂಳಿಗೆ ದಂಡ, ಭೂಮಿಗೆ ಭಾರ" ಎಂದು ದೊಡ್ಡವರು ಆಡಿದ್ದನ್ನು ಕೇಳಿ ನಾವು ಮಕ್ಕಳೂ ಆಡಿಕೊಳ್ಳುತ್ತಿದ್ದೆವು. ಅವರು ತೀರಿಕೊಂಡ ಮೇಲೆ ಒಂದು ರಾತ್ರಿ ಅಜ್ಜಿ ಕೂಗುವುದು ಕೇಳಿಸಿತು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ರಾತ್ರಿಯಿಡೀ ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುತ್ತಿದ್ದವರು ಆ ಚಿಕ್ಕಪ್ಪನೇ ಎಂದು ಅಂದು ನಮಗೆ ತಿಳಿಯಿತು. ಅದಕ್ಕೇ ಅವರು ಹಗಲು ಮಲಗುತ್ತಿದ್ದರು. ನಾವು ನೋಡಿದ್ದು ಹಗಲನ್ನು ಮಾತ್ರ.

ಇಂದು ನಾನು ಕೂಡ ಮಗನ ಮನೆಯಲ್ಲಿ ಉಣ್ಣುವ ಮುದುಕ. ಪರಾವಲಂಬಿ ಎಂಬ ಪದ ಕಿವಿಗೆ ಬಿದ್ದರೆ ಈಗ ಬೇರೆಯೇ ರೀತಿ ಕೇಳಿಸುತ್ತದೆ.

ಹಾಗೆಂದು ಮನುಷ್ಯರಲ್ಲಿ ಇನ್ನೊಬ್ಬರ ಬೆವರನ್ನು ತಿಂದು ಬದುಕುವವರೇ ಇಲ್ಲವೆಂದು ನಾನು ಹೇಳುವುದಿಲ್ಲ. ಇದ್ದಾರೆ. ಅವರು ಕಡಜವನ್ನು ತೋರಿಸಿ ಇದು ಪ್ರಕೃತಿಯ ನಿಯಮವೆಂದು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಕಡಜಕ್ಕೆ ಇಲ್ಲದ ಮನಸ್ಸಾಕ್ಷಿ ನಮಗಿದೆ. ಆದರೆ ಯಾರು ಹಾಗೆ, ಯಾರು ಹಾಗಲ್ಲ ಎಂದು ತೀರ್ಮಾನಿಸುವ ಮೊದಲು ಎಷ್ಟು ಹೊತ್ತು ನೋಡಿದೆವು ಎಂಬುದೂ ಮನಸ್ಸಾಕ್ಷಿಯ ಪ್ರಶ್ನೆಯೇ. ಗೋದಿಯ ಹೊಲದಲ್ಲಿ ಕಳೆ ಕಂಡ ಆಳುಗಳು ಕೂಡಲೇ ಕೀಳಲು ಹೊರಟಾಗ, ಕಳೆಯ ಜೊತೆ ಗೋದಿಯನ್ನೂ ಕಿತ್ತೀರಿ ಎಂದು ಯಜಮಾನನು ತಡೆದ ಸಾಮತಿಯನ್ನು ಪ್ರಭು ಕ್ರಿಸ್ತರು ಹೇಳಿದ್ದು ನಮ್ಮಂಥ ಅವಸರದವರಿಗಾಗಿ ಅಲ್ಲವೇ?

ಸರಿಯಾಗಿ ಗುರುತಿಸುವುದು ಒಂದು ಜೀವವನ್ನೂ ಉಳಿಸಬಲ್ಲದು. ಫ್ರಾನ್ಸಿನ ಪಿಯೇರ್ ಲಾಟ್ರೆಯ್ 1786ರಲ್ಲಿ ಗುರುದೀಕ್ಷೆ ಪಡೆದವರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಗುರುಗಳಾಗಿದ್ದ ಕಾರಣಕ್ಕೆ ಅವರನ್ನು ಬೋರ್ಡೋ ನಗರದ ಸೆರೆಮನೆಗೆ ಹಾಕಿದರು. ಅಲ್ಲಿ ನೆಲದ ಮೇಲೆ ಹರಿಯುತ್ತಿದ್ದ ಸಣ್ಣ ಜೀರುಂಡೆಯೊಂದನ್ನು ಅವರು ಗಮನಿಸಿ, ಅದು ಅಪರೂಪದ್ದೆಂದು ಗುರುತಿಸಿದರು. ಕೈದಿಗಳನ್ನು ಪರೀಕ್ಷಿಸಲು ಬಂದ ವೈದ್ಯರು ಅದನ್ನು ಕೀಟಗಳ ಬಗ್ಗೆ ಆಸಕ್ತಿಯಿದ್ದ ಒಬ್ಬ ಹುಡುಗನಿಗೆ ಮುಟ್ಟಿಸಿದರು. ಆ ಪರಿಚಯದಿಂದ ಲಾಟ್ರೆಯ್ ಬಿಡುಗಡೆಯಾದರು. ಆ ಜೀರುಂಡೆಯ ಕುಲದ ಹೆಸರು ನೆಕ್ರೋಬಿಯಾ. ಗ್ರೀಕ್ ಭಾಷೆಯ ಸಾವು ಮತ್ತು ಬದುಕು ಎಂಬ ಎರಡು ಪದಗಳಿಂದ ಆದದ್ದು. ಮುಂದೆ 1796ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಇನ್ನೊಂದು ಕೀಟಕ್ಕೂ ಹೆಸರು ಕೊಟ್ಟರು. ಅದು ಗ್ಯಾಸ್ಟೆರಪ್ಶನ್: ನಮ್ಮ ಮಾವಿನ ದಿಮ್ಮಿಯ ಮುಂದೆ ಗಾಳಿಯಲ್ಲಿ ತೂಗಾಡುತ್ತಿದ್ದ ಅದೇ ಬಡಕಲು ಅತಿಥಿ.

ಪ್ರಿಯ ಓದುಗರೇ, ಆದಿಕಾಂಡದಲ್ಲಿ ದೇವರು ಪ್ರಾಣಿಗಳನ್ನು ಆದಾಮನ ಮುಂದೆ ತಂದು, ಅವನು ಏನೆಂದು ಹೆಸರಿಡುವನೋ ನೋಡೋಣವೆಂದು ಕಾದರು. ಹೆಸರಿಡುವ ಕೆಲಸವನ್ನು ಮನುಷ್ಯನಿಗೆ ಒಪ್ಪಿಸಿದರು. ಆ ಕೆಲಸ ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುತ್ತಲೇ ಇದೆ. ಸೋಮಾರಿ, ಗಂಟುಬಿದ್ದವಳು, ದಂಡಪಿಂಡ ಎಂದು ಊಟದ ಹೊತ್ತಿನಲ್ಲಿ ನಾವು ಇಡುವ ಹೆಸರುಗಳನ್ನು ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. ಈ ವಾರ ಅಂಥ ಒಂದು ಹೆಸರು ನಿಮ್ಮ ನಾಲಿಗೆಯ ತುದಿಗೆ ಬಂದರೆ, ಆ ವ್ಯಕ್ತಿಯ ಹಗಲನ್ನಷ್ಟೇ ಅಲ್ಲ, ರಾತ್ರಿಯನ್ನೂ ನೋಡಿದ್ದೇನೆಯೇ ಎಂದು ಒಮ್ಮೆ ಕೇಳಿಕೊಳ್ಳಿ.

ನಾನು ಕೊಂದ ಕಡಜದ ತೂತು ಮುಚ್ಚದೆ ಹಾಗೆಯೇ ಉಳಿಯಿತು. ಮೊಮ್ಮಗಳು ಊರಿಗೆ ಹೊರಡುವ ದಿನ ಅದನ್ನು ಬಗ್ಗಿ ನೋಡಿ ಬಂದಳು. ಮಳೆಗಾಲಕ್ಕೆ ಮುಂಚೆ ದಿಮ್ಮಿಯನ್ನು ಸೀಳಿಸಿ ಒಳಗಿಡಬೇಕೆಂದು ಮಗ ಹೇಳಿದ. ಈ ವರ್ಷ ಅದೊಂದನ್ನು ಬಿಟ್ಟುಬಿಡು, ಮುಂದಿನ ರಜೆಗೆ ಅವಳು ಬಂದು ಕೇಳುತ್ತಾಳೆ ಎಂದೆ.